ಇನ್‌ವರ್ಡ್ ನಂಬರ್ 214

ಮೊದಲ ದಿನ ಹದಿನೇಳು ಬಂದವು. ಹದಿನೇಳಕ್ಕೂ ನಂಬರ್ ಹಾಕಿ, ಸೀಲು ಹೊಡೆದು, ಪುಸ್ತಕದಲ್ಲಿ ಬರೆದು ಮುಗಿಸಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನನಗೆ ಒಳ್ಳೇ ಕೆಲಸ ಮಾಡಿದ ಸಮಾಧಾನ ಇತ್ತು. ಆ ಸಮಾಧಾನವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರ ಸಣ್ಣದೊಂದು ಸಂಘ. ನಾನು ಅಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತೆ, ದಿನಾ ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇಂಟರ್ನೆಟ್ ಇನ್ನೂ ಫೋನಿನ ತಂತಿಯಲ್ಲಿ ಕಿರ್ರೆಂದು ಕೂಗಿಕೊಂಡು ಬರುತ್ತಿದ್ದ ಕಾಲ ಅದು. ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಅದಕ್ಕೆ ಹೊದಿಸಿದ್ದ ಬಟ್ಟೆ ತೆಗೆಯುವ ಅಧಿಕಾರ ಇದ್ದದ್ದು ನನಗೊಬ್ಬಳಿಗೆ. ಸಂಘದ ಕಾರ್ಯದರ್ಶಿಗಳು ತಾಲ್ಲೂಕು ಕಚೇರಿಯಲ್ಲಿ ಜೀವ ಸವೆಸಿ ನಿವೃತ್ತರಾಗಿ ಬಂದವರು. ಅವರಿಗೆ ಬಾಗಿಲು ದಾಟಿ ಒಳಗೆ ಬಂದ ಕಾಗದ ಯಾವುದೇ ಆಗಲಿ, ಅದಕ್ಕೆ ಇನ್‌ವರ್ಡ್ ನಂಬರ್ ಬೀಳಬೇಕು, ತಾರೀಕಿನ ಸೀಲು ಬೀಳಬೇಕು, ಮೂರು ದಿನದೊಳಗೆ 'ತಮ್ಮ ಪತ್ರ ತಲುಪಿದೆ, ಕ್ರಮ ಜರುಗಿಸಲಾಗುತ್ತಿದೆ' ಅಂತ ಬರೆದವರಿಗೆ ಉತ್ತರ ಹೋಗಬೇಕು. ಮದುವೆ ಕರೆಯೋಲೆಗೂ ನಂಬರ್ ಹಾಕಿಸಿದ ಪುಣ್ಯಾತ್ಮರು.

ಇಷ್ಟಕ್ಕೆಲ್ಲ ಕಾರಣವಾದದ್ದು ಚಾಕಿ ಅಕ್ಕನ ಕಷ್ಟ. ಅವರು ದಿಬ್ಬೂರಹಳ್ಳಿಯಿಂದ ಆಚೆ ಒಂದು ಹಳ್ಳಿಯವರು. ರೇಷ್ಮೆ ಮೊಟ್ಟೆ ತಂದು, ಒಡೆದ ಮರಿಹುಳುಗಳನ್ನು ಎರಡನೇ ಜ್ವರ ದಾಟುವ ತನಕ ಸಾಕಿ, ಆಮೇಲೆ ಬೆಳೆಗಾರರ ಮನೆಗಳಿಗೆ ಹಂಚುವುದಕ್ಕೆ ಚಾಕಿ ಕಟ್ಟುವುದು ಅನ್ನುತ್ತೇವೆ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಒಂದು ದಿನ ಅಲ್ಲಾಡದೆ ಕೂತು ಪೊರೆ ಕಳಚುವುದೇ ಜ್ವರ. ಈ ಅಕ್ಕನ ಮನೆ ಇದ್ದದ್ದು ಊರ ಕೊನೆಯ ಕಾಲೋನಿಯಲ್ಲಿ. ಅಲ್ಲಿಂದ ಹುಳು ತಗೊಂಡು ಹೋಗಿ ತಮ್ಮ ಮನೆಯೊಳಗೆ ಇಟ್ಟುಕೊಳ್ಳಲು ಊರಿನವರಿಗೆ ಎರಡು ವರ್ಷ ಬೇಕಾಗಿತ್ತು. ಹುಳುಮನೆ ಅಂದರೆ ನಮ್ಮ ಕಡೆ ದೇವರಮನೆಗಿಂತ ಹೆಚ್ಚಿನ ಮಡಿ. ಹೊರಗಿನವರ ಕಣ್ಣು ಬೀಳಬಾರದು, ಯಾರ ಕೈಯೆಂದರೆ ಅವರ ಕೈ ತಾಗಬಾರದು. ಅಂಥದ್ದರಲ್ಲಿ ಹನ್ನೊಂದು ಮನೆಯವರು ಅಕ್ಕನ ಕೈಗುಣ ಚೆನ್ನಾಗಿದೆ ಎಂದು ಒಪ್ಪಿ ಬರತೊಡಗಿದ್ದರು.

ಅಷ್ಟರಲ್ಲಿ ಒಂದರ ಹಿಂದೆ ಒಂದು ಎರಡು ಚಾಕಿ ಹೋದವು. ಹುಳು ಚೆನ್ನಾಗಿ ತಿನ್ನುತ್ತಿತ್ತು, ಚೆನ್ನಾಗಿ ಬೆಳೆಯುತ್ತಿತ್ತು, ಎರಡನೇ ಜ್ವರಕ್ಕೆ ಕೂತದ್ದು ಮತ್ತೆ ಏಳುತ್ತಿರಲಿಲ್ಲ. ಸಲಹೆ ಕೊಡಲು ಬಂದವರೆಲ್ಲ ಶುಚಿ ಸಾಲದು ಅಂದರು. ಅಕ್ಕ ಮೂರು ಸಲ ಬ್ಲೀಚಿಂಗ್ ಹೊಡೆದು, ತಟ್ಟೆಗಳನ್ನು ಬಿಸಿಲಿಗೆ ಹಾಕಿ, ಗೋಡೆಗೆ ಸುಣ್ಣ ಬಳಿದರು. ಎರಡನೆಯದೂ ಹೋಯಿತು. ಊರಲ್ಲಿ ಮಾತು ಶುರುವಾಯಿತು.

"ಕೈ ಸರಿಯಿಲ್ಲ ಅಂತವ್ರೆ ಕಂಪ್ಯೂಟ್ರಮ್ಮ," ಅಂದರು ಅಕ್ಕ, ನನ್ನ ಮೇಜಿನ ಮುಂದಿನ ಬೆಂಚಿನ ಮೇಲೆ ಕೂತು. ನನಗೆ ಅವರಿಟ್ಟ ಹೆಸರು ಅದು. "ರೋಗ ಅಂದಿದ್ರೆ ಔಷ್ದಿ ಹಾಕ್ತಿದ್ದೆ. ಕೈಗೆ ಏನ್ ಹಾಕ್ಲಿ? ಇನ್ನೊಂದೇ ಸಲ ನೋಡ್ತೀವಿ ಅಂದವ್ರೆ. ಅದೂ ಹೋದ್ರೆ ನನ್ ಬಾಗ್ಲಿಗೆ ಯಾರೂ ಬರಲ್ಲ."

ಹತ್ತು ದಿನಕ್ಕೆ ಹೊಸ ಮೊಟ್ಟೆ ಬರುವುದಿತ್ತು. ಅಷ್ಟರೊಳಗೆ ಕಾರಣ ತಿಳಿಯಬೇಕಿತ್ತು. ಆ ವಾರ ಸಂಘದಲ್ಲಿ ತರಬೇತಿ ಕೊಡಲು ಬಂದಿದ್ದ ಉಪನ್ಯಾಸಕರೊಬ್ಬರು ದಾರಿ ತೋರಿಸಿದರು. ದೇಶದೇಶದ ರೇಷ್ಮೆಯವರು ಸೇರಿಕೊಂಡ ಒಂದು ಇಮೇಲ್ ಬಳಗ ಇದೆ, ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದೆ, ಯಾರಿಗೆ ಗೊತ್ತೋ ಅವರು ಉತ್ತರ ಬರೆಯುತ್ತಾರೆ ಅಂತ. ಅವರೇ ಕೂತು ಸಂಘದ ವಿಳಾಸವನ್ನು ಆ ಬಳಗಕ್ಕೆ ಸೇರಿಸಿ ಹೋದರು. ಕಾರ್ಯದರ್ಶಿಗಳು ತಮ್ಮ ತಾಲ್ಲೂಕು ಕಚೇರಿ ಇಂಗ್ಲಿಷಿನಲ್ಲಿ ಅಕ್ಕನ ಪ್ರಶ್ನೆ ಬರೆಸಿದರು. ಕೆಳಗೆ ಸಂಘದ ಹೆಸರು, ವಿಳಾಸ, ಫೋನ್ ನಂಬರ್. ನಾನು ಟೈಪ್ ಮಾಡಿ ಕಳಿಸಿದೆ.

ಮಾರನೇ ದಿನ ಹದಿನೇಳು. ಕಾರ್ಯದರ್ಶಿಗಳು ಅದಕ್ಕೆಂದೇ ಹೊಸ ಇನ್‌ವರ್ಡ್ ಪುಸ್ತಕ ತರಿಸಿದರು. ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ, "ನೋಡಮ್ಮ, ಫಾರಿನ್ನಿಂದ ಟಪಾಲು. ಒಂದೂ ತಪ್ಪಬಾರ್ದು," ಅಂದರು.

ಕ್ರಮ ಹೀಗಿತ್ತು. ಬೆಳಿಗ್ಗೆ ಬಂದ ಕೂಡಲೇ ಫೋನ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮೇಲ್ ಇಳಿಸಿಕೊಳ್ಳುವುದು. ಒಂದೊಂದನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಹಾಕಿ ತೆಗೆಯುವುದು. ಅಂಚು ಹರಿದು, ಸೀಲು ಹೊಡೆದು, ನಂಬರ್ ಬರೆಯುವುದು. ಪುಸ್ತಕದಲ್ಲಿ ಬಂದ ದಿನ, ಯಾರಿಂದ, ವಿಷಯ, ಕ್ರಮ ಎಂಬ ನಾಲ್ಕು ಕಾಲಂ ತುಂಬುವುದು. ಆಮೇಲೆ ಬರೆದವರಿಗೆ ತಲುಪಿದೆ ಎಂದು ಉತ್ತರ ಹಾಕುವುದು. ಕಡತವನ್ನು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟರೆ ಅವರು ಓದಿ ಅಡ್ಡ ರುಜು ಹಾಕಬೇಕು. ಇಂಗ್ಲಿಷ್ ಪುಟಗಳ ದಪ್ಪ ನೋಡಿ ಅವರು ರುಜು ಮಾತ್ರ ಹಾಕುತ್ತಿದ್ದರು.

ನನಗೆ ತಿಳಿಯದೇ ಹೋದದ್ದೇನೆಂದರೆ, ಆ ಬಳಗದಲ್ಲಿ ಉತ್ತರದ ಗುಂಡಿ ಒತ್ತಿದರೆ ಅದು ಬರೆದವರಿಗೊಬ್ಬರಿಗೆ ಹೋಗುವುದಿಲ್ಲ, ಇದ್ದಬದ್ದವರಿಗೆಲ್ಲ ಹೋಗುತ್ತದೆ. ಹದಿನೇಳು ಮಂದಿಗೆ 'ತಮ್ಮ ಪತ್ರ ತಲುಪಿದೆ' ಅಂತ ಹಾಕಿದೆನಲ್ಲ, ಆ ಹದಿನೇಳೂ ದೇಶದೇಶದ ನೂರಾರು ಮಂದಿಯ ಪೆಟ್ಟಿಗೆಗೆ ಹೋಗಿ ಬಿದ್ದವು. ಮಾರನೇ ದಿನ ಮೂವತ್ತು ಚಿಲ್ಲರೆ ಬಂದವು. ಕೆಲವರು ಯಾರು ನೀವು ಅಂತ ಕೇಳಿದ್ದರು. ಕೆಲವರು ನಕ್ಕಿದ್ದರು. ನಕ್ಕವರನ್ನು ಇನ್ನು ಕೆಲವರು ಬೈದಿದ್ದರು. ರಜೆಯಲ್ಲಿದ್ದೇನೆ, ಬಂದ ಮೇಲೆ ಉತ್ತರಿಸುತ್ತೇನೆ ಎಂದು ಯಾರದ್ದೋ ಕಂಪ್ಯೂಟರ್ ತಾನೇ ಬರೆದಿತ್ತು. ನಾನು ಅದಕ್ಕೂ ನಂಬರ್ ಹಾಕಿ, ತಮ್ಮ ಪತ್ರ ತಲುಪಿದೆ ಅಂತ ಉತ್ತರ ಬರೆದೆ. ಅದು ತಿರುಗಿ ರಜೆಯಲ್ಲಿದ್ದೇನೆ ಅಂದಿತು. ಹೀಗೆ ನಾನೂ ಆ ಕಂಪ್ಯೂಟರೂ ಒಂದು ದಿನವೆಲ್ಲ ಪತ್ರವ್ಯವಹಾರ ಮಾಡಿದೆವು.

ಮೂರನೇ ದಿನ ಐವತ್ತು ದಾಟಿತು. ನಾಲ್ಕನೇ ದಿನ ಎಪ್ಪತ್ತು. ರಿಬ್ಬನ್ ಸವೆದು ಅಕ್ಷರ ಬೂದಿ ಬಣ್ಣಕ್ಕೆ ತಿರುಗಿತು. ಕರೆಂಟು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹೋಗುತ್ತಿತ್ತು. ಅರ್ಧ ಇಳಿದ ಮೇಲ್ ಮತ್ತೆ ಮೊದಲಿಂದ ಇಳಿಯಬೇಕಿತ್ತು. ಯಾರೋ ಹುಳುವಿನ ಫೋಟೋ ಕಳಿಸಿದರೆ ಅದೊಂದಕ್ಕೇ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಸಂಘದ ಇದ್ದೊಂದು ಫೋನು ಎಂಗೇಜ್. ಅಧ್ಯಕ್ಷರು ಪೇಟೆಯಿಂದ ಆಳು ಕಳಿಸಿ ಬೈಸಿದರು. ಚಾಕಿ ಅಕ್ಕನಿಗೂ ಫೋನ್ ಸಿಗುತ್ತಿರಲಿಲ್ಲ, ಹಾಗಾಗಿ ದಿನ ಬಿಟ್ಟು ದಿನ ಬಸ್ಸು ಹತ್ತಿ ತಾವೇ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ತೆಲುಗಿನಲ್ಲಿ ಕೇಳುವರು, "ಒಚ್ಚಿಂದಾ?" ಬಂತಾ ಅಂತ.

"ಇನ್ನೂ ಇಲ್ಲ ಅಕ್ಕ."

"ಇಷ್ಟೊಂದ್ ಬಂದೈತಲ್ಲಮ್ಮ?" ಕಡತದ ರಾಶಿ ನೋಡಿ ಅನ್ನುವರು.

"ಇವೆಲ್ಲ ಬೇರೆ ಬೇರೆ ಅಕ್ಕ. ನಿಮ್ದು ಬಂದ್ರೆ ನಾನೇ ಹೇಳಿ ಕಳಿಸ್ತೀನಿ."

ಎಷ್ಟು ಧೈರ್ಯದಿಂದ ಹೇಳುತ್ತಿದ್ದೆ ಅನ್ನುತ್ತೀರಿ. ನಿಜ ಹೇಳಬೇಕೆಂದರೆ ಎರಡನೇ ದಿನದಿಂದಲೇ ನಾನು ಒಂದನ್ನೂ ಓದುತ್ತಿರಲಿಲ್ಲ. ವಿಷಯ ಎಂಬ ಕಾಲಂಗೆ ಮೇಲಿನ ಸಾಲು ನೋಡಿ ಬರೆಯುತ್ತಿದ್ದೆ, ಅಷ್ಟೆ. ಬಿ.ಎ. ಮಾಡಿದ್ದರೂ ನನ್ನ ಇಂಗ್ಲಿಷಿಗೆ ಒಂದು ಪುಟ ಓದಲು ಕಾಲು ಗಂಟೆ ಬೇಕು. ನಂಬರ್ ಹಾಕಲು ಅರ್ಧ ನಿಮಿಷ ಸಾಕು. ಓದುವುದು ಬಾಕಿ ಉಳಿದರೆ ಯಾರಿಗೂ ಕಾಣುವುದಿಲ್ಲ, ನಂಬರ್ ಬಾಕಿ ಉಳಿದರೆ ಪುಸ್ತಕದಲ್ಲಿ ಕಾಣುತ್ತದೆ. ಕಾರ್ಯದರ್ಶಿಗಳ ಮೇಲೆ ಪೂರ್ತಿ ಹೊರೆ ಹಾಕಿ ನಾನು ಜಾರಿಕೊಳ್ಳುವಂತಿಲ್ಲ. ಅವರ ಕ್ರಮ ನನಗೂ ಅನುಕೂಲವಾಗಿಯೇ ಇತ್ತು.

ಆರನೇ ದಿನ ಆ ಬಳಗ ನಡೆಸುವವರಿಂದ ಖಾರವಾದ ಓಲೆ ಬಂತು. ಅದನ್ನು ಮಾತ್ರ ಓದಿದೆ, ಏಕೆಂದರೆ ಎಲ್ಲ ದೊಡ್ಡಕ್ಷರದಲ್ಲಿತ್ತು. ತಲುಪಿದೆ ತಲುಪಿದೆ ಎಂದು ಬರೆಯುವುದನ್ನು ನಿಲ್ಲಿಸದಿದ್ದರೆ ನಿಮ್ಮನ್ನು ಹೊರಗೆ ಹಾಕುತ್ತೇವೆ. ಹೊರಗೆ ಹಾಕಿದರೆ ಅಕ್ಕನ ಉತ್ತರ ಬರುವುದೆಲ್ಲಿಂದ? ಕಾರ್ಯದರ್ಶಿಗಳ ಬಳಿ ಓಡಿದೆ.

"ಪತ್ರ ಬಂದ್ರೆ ತಲುಪಿತು ಅನ್ನೋದು ಮರ್ಯಾದೆ ಅಲ್ವೇನಮ್ಮ?" ಅಂದರು ಅವರು, ನಿಜವಾಗಿಯೂ ನೊಂದುಕೊಂಡು. "ಹೋಗ್ಲಿ, ಉತ್ತರ ಬೇಡ. ನಂಬರ್ ಮಾತ್ರ ನಿಲ್ಸಬೇಡ. ನಾಳೆ ಯಾರಾದ್ರೂ ಕೇಳಿದ್ರೆ?"

ಉತ್ತರ ನಿಲ್ಲಿಸಿದೆ. ಆದರೂ ನನ್ನನ್ನು ಕುರಿತ ಜಗಳ ಅಲ್ಲಿ ನಿಲ್ಲಲಿಲ್ಲ. ಎಂಟನೇ ದಿನ ಪೆಟ್ಟಿಗೆ ತುಂಬಿತು. ನಮಗೆ ಕೊಟ್ಟಿದ್ದ ಜಾಗವೇ ಅಷ್ಟು, ಕಂಪ್ಯೂಟರಿಗೆ ಇಳಿಸಿಕೊಂಡ ಹಳೆಯದನ್ನು ಅಲ್ಲಿಂದ ಅಳಿಸದಿದ್ದರೆ ಹೊಸದು ವಾಪಸ್ ಹೋಗುತ್ತದೆ. ಆದರೆ ಪ್ರಿಂಟ್ ಆಗದ್ದನ್ನು ಅಳಿಸುವಂತಿರಲಿಲ್ಲ, ಪ್ರಿಂಟ್ ಹಾಕಲು ಕರೆಂಟ್ ಇರಲಿಲ್ಲ. ನಾನು ಬೆಳಿಗ್ಗೆ ಮೊದಲ ಬಸ್ಸಿಗೇ ಬರತೊಡಗಿದೆ. ಬಸ್ಸಿನಲ್ಲಿ ಕೂತರೆ ಕಿವಿಯಲ್ಲಿ ಪ್ರಿಂಟರ್ ಸದ್ದು. ಮನೆಯಲ್ಲಿ ಸಾರಿಗೆ ಉಪ್ಪು ಮರೆತು ಬೈಸಿಕೊಂಡೆ. ಒಂದು ದಿನ ಕಚೇರಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಸುಮ್ಮನೆ ಅತ್ತುಬಿಟ್ಟೆ.

ಹತ್ತನೇ ದಿನ ಅಕ್ಕ ಬಂದರು. ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಮೊಟ್ಟೆಯ ಹಾಳೆಗಳಿದ್ದವು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಚಾಕಿ ಕಟ್ಲಾ ಬೇಡ್ವಾ ಹೇಳು ಕಂಪ್ಯೂಟ್ರಮ್ಮ. ನೀನು ಬೇಡ ಅಂದ್ರೆ ಈಗ್ಲೇ ವಾಪಸ್ ಕೊಟ್ ಬರ್ತೀನಿ. ಊರೋರ್ಗೆ ಏನೋ ಒಂದ್ ಹೇಳ್ಕೊಂತೀನಿ."

"ಏನೂ ಬಂದಿಲ್ಲ ಅಕ್ಕ," ಅಂದೆ. "ಬ್ಲೀಚಿಂಗ್ ಹಾಕಿದ್ದೀರಲ್ಲ. ಈ ಸಲ ಸರಿ ಹೋಗುತ್ತೆ, ಕಟ್ಟಿ."

ಅವರು ನನ್ನ ಮಾತು ನಂಬಿ ಹೋದರು.

ಆಮೇಲಿನ ಹತ್ತು ದಿನ ಮೇಲ್ ಬರುತ್ತಲೇ ಇತ್ತು, ನಾನು ಸೀಲು ಹೊಡೆಯುತ್ತಲೇ ಇದ್ದೆ. ಇಪ್ಪತ್ತನೇ ದಿನ, ಶನಿವಾರ, ಪ್ರಿಂಟರಿನ ತಲೆ ಕೆಟ್ಟು ನಿಂತಿತು. ರಿಪೇರಿಯವರು ಚಿಕ್ಕಬಳ್ಳಾಪುರದಿಂದ ಸೋಮವಾರ ಬರುತ್ತೇವೆ ಅಂದರು. ಕಾರ್ಯದರ್ಶಿಗಳು ಹಾಗಾದರೆ ಕೈಯಲ್ಲೇ ಬರೆದುಕೋ ಅಂದರು. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲೂ ಏನೋ ಕೆಟ್ಟಿರಬೇಕು. ಪುಸ್ತಕ ಮುಚ್ಚಿ ಅವರ ಮೇಜಿನ ಮೇಲೆ ಇಟ್ಟೆ.

"ಸಾರ್, ಇವತ್ತು ನಾನು ನಂಬರ್ ಹಾಕಲ್ಲ. ಓದ್ತೀನಿ."

"ಏನಮ್ಮ ಹಂಗಂದ್ರೆ?"

"ಹಂಗಂದ್ರೆ ಹಂಗೇ ಸಾರ್. ಬೇಕಾದ್ರೆ ಮೆಮೊ ಕೊಡಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿಗೆ ತಮ್ಮ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತರು.

ಕಂಪ್ಯೂಟರಿನಲ್ಲಿದ್ದದ್ದನ್ನು ತಾರೀಕಿನ ಪ್ರಕಾರ ಬಿಟ್ಟು ವಿಷಯದ ಪ್ರಕಾರ ಜೋಡಿಸಬಹುದು ಅಂತ ನನಗೆ ಅವತ್ತು ಗೊತ್ತಾಯಿತು. ಮೇಲೆ ಒಂದು ಕಡೆ ಒತ್ತಿದರೆ ಸಾಕು. ಜಗಳದ್ದೆಲ್ಲ ಒಂದು ಕಡೆ ಹೋಗಿ ಕೂತವು, ರಜೆಯದ್ದೆಲ್ಲ ಒಂದು ಕಡೆ. ಅವನ್ನು ಮುಟ್ಟಲೇ ಇಲ್ಲ. ಉಳಿದವು ಅರವತ್ತಕ್ಕಿಂತ ಕಡಿಮೆ. ಇಬ್ಬರೂ ಓದುತ್ತಾ ಹೋದೆವು. ಕಾರ್ಯದರ್ಶಿಗಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು, ನನ್ನ ಕಣ್ಣು ಅವರದಕ್ಕಿಂತ ಚೆನ್ನಾಗಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅದು ಸಿಕ್ಕಿತು.

ಬರೆದವರು ತಮಿಳುನಾಡಿನ ಕಡೆಯ ನಿವೃತ್ತ ಸಂಶೋಧಕರು. ನಿಮ್ಮ ಹುಳುವಿಗೆ ರೋಗವಿಲ್ಲ ಅನ್ನಿಸುತ್ತದೆ ಅಂತ ಶುರುವಾಗಿತ್ತು. ನಿಮ್ಮ ಹಿಪ್ಪುನೇರಳೆ ತೋಟದ ಪಕ್ಕ ದ್ರಾಕ್ಷಿಯೋ ತರಕಾರಿಯೋ ಇದೆಯೇ? ಅವಕ್ಕೆ ಹೊಡೆಯುವ ಹಳೇ ಬಗೆಯ ಕೀಟನಾಶಕ ಔಷಧಿ ಗಾಳಿಗೆ ಬಂದು ಸೊಪ್ಪಿನ ಮೇಲೆ ಬಿದ್ದರೆ ಹುಳು ಗಂಟೆಯಲ್ಲಿ ಸಾಯುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಈಗ ಬಂದಿರುವ ಹೊಸ ಬಗೆಯ ಔಷಧಿಯಲ್ಲಿ ಹುಳು ಆರಾಮಾಗಿ ತಿನ್ನುತ್ತದೆ, ಬೆಳೆಯುತ್ತದೆ, ಪೊರೆ ಬಿಡಲು ಮಾತ್ರ ಆಗುವುದಿಲ್ಲ. ದೂರದ ತೋಟದಿಂದ ಸೊಪ್ಪು ತಂದು ಹಾಕಿ. ಮೊಟ್ಟೆ ತರುವ ಮುಂಚೆಯೇ ಈ ವ್ಯವಸ್ಥೆ ಮಾಡಿಕೊಳ್ಳಿ.

ಅದರ ಕೆಳಗೇ ನನ್ನ ಉತ್ತರ. ತಮ್ಮ ಪತ್ರ ತಲುಪಿದೆ, ನಮ್ಮ ಸಂಖ್ಯೆ 214, ಕ್ರಮ ಜರುಗಿಸಲಾಗುತ್ತಿದೆ.

ಅದಕ್ಕೆ ಅವರು ಮತ್ತೆ ಬರೆದಿದ್ದರು. ಸಂತೋಷ, ದಯವಿಟ್ಟು ಬೇಗ ಮಾಡಿ, ನಿಮ್ಮ ಫೋನಿಗೆ ಎರಡು ಸಲ ಪ್ರಯತ್ನಿಸಿದೆ, ಎಂಗೇಜ್ ಬರುತ್ತಿದೆ. ಅದರ ನಂಬರ್ 231. ಅದಕ್ಕೂ ತಲುಪಿದೆ ಅಂತ ಬರೆದಿದ್ದೆ.

ನಾನು ಪುಸ್ತಕ ತೆಗೆದು ನೋಡಿದೆ. 214ರ ಎದುರು ನನ್ನದೇ ದುಂಡು ಅಕ್ಷರ. ವಿಷಯ: ಹುಳು ಜ್ವರ ಏಳದಿರುವುದು. ಕ್ರಮ: ಉತ್ತರಿಸಲಾಗಿದೆ. ಐದನೇ ದಿನದ ತಾರೀಕು.

"ಓಡು," ಅಂದರು ಕಾರ್ಯದರ್ಶಿಗಳು. "ನಿಂತ್ಕೊಂಡಿದ್ದೀಯಲ್ಲಮ್ಮ, ಓಡು."

ಕಡತದಿಂದ 214ನ್ನೂ 231ನ್ನೂ ಕಿತ್ತುಕೊಂಡು ದಿಬ್ಬೂರಹಳ್ಳಿ ಬಸ್ಸು ಹತ್ತಿದೆ. ಬಸ್ಸಿಳಿದು ಅಲ್ಲಿಂದ ಎರಡು ಮೈಲಿ ನಡೆಯಬೇಕು. ಹುಳು ಇನ್ನೂ ಜ್ವರಕ್ಕೆ ಕೂತಿರಬಾರದು, ಇಲ್ಲಾ ಕೂತದ್ದೆಲ್ಲ ಎದ್ದಿರಬೇಕು, ಏನು ಬೇಡಿಕೊಳ್ಳಬೇಕು ಅಂತಲೇ ನನಗೆ ಗೊತ್ತಾಗಲಿಲ್ಲ. ಊರು ಹತ್ತಿರ ಬರುತ್ತಿದ್ದ ಹಾಗೆ ಅಕ್ಕನ ಹಿಪ್ಪುನೇರಳೆ ಕಾಣಿಸಿತು. ಅದರ ಬೇಲಿಗೆ ಹತ್ತಿಕೊಂಡೇ ಕಲ್ಲುಕಂಬ ನೆಟ್ಟು ತಂತಿ ಎಳೆದ ದ್ರಾಕ್ಷಿ ತೋಟ. ಅಷ್ಟು ದೊಡ್ಡ ತೋಟವನ್ನು ಎಲ್ಲರೂ ನೋಡಿದ್ದರು.

ಚಾಕಿ ಮನೆಯ ಬಾಗಿಲು ತೆರೆದೇ ಇತ್ತು. ಹುಳುಮನೆ ಬಾಗಿಲು ಹಾಗೆ ತೆರೆದಿಡುವುದಿಲ್ಲ. ಅದನ್ನು ನೋಡಿಯೇ ನನಗೆ ತಿಳಿಯಿತು. ಅಕ್ಕ ಒಳಗೆ ನೆಲದ ಮೇಲೆ ಕೂತಿದ್ದರು. ಸುತ್ತ ತಟ್ಟೆಗಳಲ್ಲಿ ಹುಳು ತಲೆ ಎತ್ತಿದ್ದು ಹಾಗೇ ಕಪ್ಪಾಗುತ್ತಿತ್ತು.

"ಬಾಮ್ಮ," ಅಂದರು. "ನಿನ್ನೆ ಏಳ್ಬೇಕಿತ್ತು. ಬೆಳಿಗ್ಗೆ ಊರೋರು ಬಂದು ನೋಡ್ಕೊಂಡ್ ಹೋದ್ರು."

ಕಾಗದ ಮುಂದೆ ಹಿಡಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಓದು ಅಂದರು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ದ್ರಾಕ್ಷಿ ತೋಟ ಅನ್ನುವಾಗ ಅವರು ತಲೆ ಎತ್ತಿದರು. ದೂರದ ಸೊಪ್ಪು ಅನ್ನುವಾಗ ಎದ್ದೇ ನಿಂತರು. ಮೂಲೆಯ ಎರಡು ತಟ್ಟೆಗಳ ಕಡೆ ಹೋಗಿ ಮೇಲಿನ ಬಟ್ಟೆ ಸರಿಸಿದರು. ಅದರೊಳಗೆ ಹುಳು ಓಡಾಡುತ್ತಿತ್ತು. ಬೂದಿ ಬಣ್ಣದ ಹೊಸ ಚರ್ಮ, ಎಲ್ಲವೂ ಎದ್ದಿದ್ದವು.

"ಇವು ಒಂದಿನ ತಡವಾಗಿ ಒಡದ್ವು," ಅಂದರು ನಿಧಾನವಾಗಿ. "ನಮ್ ಸೊಪ್ಪು ಸಾಲ್ದು ಅಂತ ಕೈವಾರದ ಕಡೆ ನಮ್ಮಕ್ಕನ ತೋಟದಿಂದ ಗೋಣೀಲಿ ತಂದು ಇವಕ್ಕೆ ಬೇರೆ ಹಾಕ್ದೆ. ಯಾಕ್ ಇವು ಮಾತ್ರ ಎದ್ವು ಅಂತ ಬೆಳಿಗ್ಗೆಯಿಂದ ನೋಡ್ತಾ ಕೂತಿದೀನಿ. ಅದೇ ಕೈ ತಾನೇ ಇವನ್ನೂ ಮುಟ್ಟಿದ್ದು."

ಎರಡೂ ಕೈ ಚಾಚಿ ಒಮ್ಮೆ ನೋಡಿಕೊಂಡರು. ಆಮೇಲೆ ಕಾಗದದ ಮೇಲಿನ ನೇರಳೆ ಬಣ್ಣದ ಸೀಲಿನ ಮೇಲೆ ಬೆರಳಿಟ್ಟರು. ಅಂಕಿ ಅವರಿಗೆ ಓದಲು ಬರುತ್ತಿತ್ತು.

"ಇದು ಬಂದಿದ್ ದಿನವಾ?"

ನೆನ್ನೆ ಬಂತು ಅಕ್ಕ, ಸೀಲು ತಪ್ಪಾಗಿದೆ ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಹೌದು ಅಕ್ಕ."

ಅವರು ಬೆರಳು ಮಡಿಸಿ ದಿನ ಎಣಿಸಿದರು. "ಅವತ್ತು ನಾನಿನ್ನೂ ಮೊಟ್ಟೇನೇ ತಂದಿರ್ಲಿಲ್ಲ," ಅಂದರು.

ನಾನು ಗೋಡೆಗೊರಗಿ ನಿಂತೆ. ತಪ್ಪಾಯಿತು ಅಂದೆ, ಎಷ್ಟು ಸಲ ಅಂದೆನೋ ಗೊತ್ತಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸತ್ತ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದುಕೊಂಡು ಹೋಗಿ ಗುಂಡಿಗೆ ಸುರಿಯತೊಡಗಿದರು. ನಾನೂ ಹಿಡಿದೆ. ಹುಳುಮನೆಯ ತಟ್ಟೆ ಹೊರಗಿನವರು ಮುಟ್ಟಬಾರದು ಅಂತ ಅವತ್ತು ಅವರು ಹೇಳಲಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಲು ನೀರು ಹಾಕುತ್ತಾ ಕೇಳಿದರು:

"ಈ ಕಾಗ್ದ ಹನ್ನೊಂದ್ ಮಾಡ್ಕೊಡ್ತೀಯ? ಮನೆಗೊಂದು. ಕನ್ನಡದಾಗ್ ಬರ್ದು."

"ಮಾಡ್ಕೊಡ್ತೀನಿ ಅಕ್ಕ."

"ಸೀಲ್ ಹಾಕು. ಸೀಲಿಲ್ದಿದ್ರೆ ನಾನೇ ಬರ್ಸ್ಕೊಂಡ್ ಬಂದೆ ಅಂತಾರೆ. ಇದೇ ಸೀಲು, ಇದೇ ತಾರೀಕು."

ಸೋಮವಾರ ಕಾರ್ಯದರ್ಶಿಗಳಿಗೆ ಎಲ್ಲ ಹೇಳಿದೆ. ಅವರು ಇಮೇಲಿನ ಇನ್‌ವರ್ಡ್ ಪುಸ್ತಕದ ಕೊನೆಯ ನಂಬರಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ರುಜು ಹಾಕಿದರು. ಬಳಗದವರಿಗೆ ಕ್ಷಮೆ ಕೇಳಿ ಒಂದು ಪತ್ರ ಬರೆಸಿದರು, ಸಂಶೋಧಕರಿಗೆ ಬೇರೆಯಾಗಿ ಒಂದು. ದಿನದ್ದೆಲ್ಲ ಒಟ್ಟು ಸೇರಿಸಿ ಒಂದೇ ಓಲೆಯಾಗಿ ಕಳಿಸುವ ಏರ್ಪಾಡು ಆ ಬಳಗದಲ್ಲಿ ಮೊದಲಿಂದಲೂ ಇತ್ತಂತೆ, ಕೇಳಿದರೆ ಮಾಡಿಕೊಡುತ್ತಿದ್ದರಂತೆ. ನಾವು ಕೇಳಿರಲಿಲ್ಲ.

ಆಮೇಲೆ ಕೂತು ಹನ್ನೊಂದು ಪ್ರತಿ ನಾನೇ ಕೈಯಲ್ಲಿ ಬರೆದೆ. ಸೀಲಿನ ತಾರೀಕಿನ ಗಾಲಿಗಳನ್ನು ಉಗುರಿನಿಂದ ಹಿಂದಕ್ಕೆ ತಿರುಗಿಸಿ ಆ ಐದನೇ ದಿನಕ್ಕೆ ತಂದು ನಿಲ್ಲಿಸಿದೆ. ಅಕ್ಕ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಅವರ ಕೈ ಸರಿಯಿದೆ ಅಂತ ಹನ್ನೊಂದು ಮನೆಗೂ ಹೇಳುವ ಕಾಗದದ ಮೇಲೆ, ಯಾರ ಕೈ ಸರಿಯಿರಲಿಲ್ಲ ಅನ್ನುವುದಕ್ಕೂ ಅದೇ ತಾರೀಕು ಸಾಕ್ಷಿ. ಒಂದೊಂದಾಗಿ ಹನ್ನೊಂದಕ್ಕೂ ಹೊಡೆದೆ. ಒಂದರಲ್ಲಿ ಶಾಯಿ ಸರಿಯಾಗಿ ಹತ್ತಿರಲಿಲ್ಲ.

"ಇದು ಕಾಣ್ತಿಲ್ಲ," ಅಂದರು ಅಕ್ಕ. ಇನ್ನೊಂದು ಸಲ ಒತ್ತಿ ಹೊಡೆದು ಕೊಟ್ಟೆ.